ಖಾಲಿ ಒಲೆಯ ಹೊಗೆ

ಎಲ್ಲರೂ ಚಪ್ಪರಿಸಿ ತಿಂದ ಆ ಬ್ರಿಸ್ಕೆಟ್, ಅಂದರೆ ಎದೆಮಾಂಸ, ಪೂರ್ತಿ ಹೊಗೆಯಲ್ಲಿ ಬೆಂದದ್ದಲ್ಲ. ಅರ್ಧ ಬೆಂದದ್ದು ನಮ್ಮ ಅಡುಗೆಮನೆಯ ಓವನ್‌ನಲ್ಲಿ. ಓವನ್‌ಗೆ ಇಟ್ಟವನು ನಾನು — ಆರು ವರ್ಷ ಬಾಯಿ ಬಿಡದೆ ಇದ್ದವನೂ ನಾನೇ.

ಮಾಂಸ ಇಕ್ಬಾಲ್ ಭಾಯ್ ಅವರದು. ನನ್ನ ಹೆಂಡತಿ ಸಲ್ಮಾಳ ಅಣ್ಣ, ಗದಗಿನವರು. ಎಲ್ಕ್ ಗ್ರೋವ್ ವಿಲೇಜ್‌ನಲ್ಲಿ ಲಾರಿ ರಿಪೇರಿ ವರ್ಕ್‌ಶಾಪ್ ಇಟ್ಟಿದ್ದಾರೆ. ಆ ಬಕ್ರೀದ್‌ಗೆ ಮಾಂಸವನ್ನು ಹೊಗೆಯಲ್ಲಿ ನಿಧಾನ ಬೇಯಿಸುವ ತಮ್ಮ ಇದ್ದಿಲಿನ ಸ್ಮೋಕರನ್ನು ಗಾಡಿಯಲ್ಲಿ ಹೇರಿಕೊಂಡು ಮಿಶಿಗನ್‌ನ ಲಿವೋನಿಯಾದ ನಮ್ಮ ಮನೆಗೆ ಬಂದಿದ್ದರು. ಹಬ್ಬದ ಮಾರನೆಯ ದಿನ ಬೆಳಿಗ್ಗೆ ನಮಾಜ್ ಮುಗಿಸಿ ಬೆಂಕಿ ಹಚ್ಚಿ, ಹೊಗೆಯ ಘಮಕ್ಕೆಂದು ಮೊದಲ ಸಲ ಚೆರ್ರಿ ಕಟ್ಟಿಗೆ ಹಾಕಿ, ಹದಿಮೂರು ಪೌಂಡಿನ ಎದೆಮಾಂಸವನ್ನು ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ಜಾಲರಿಯ ಮೇಲೆ ಮಲಗಿಸಿದರು. ಹನ್ನೊಂದಕ್ಕೆ ಕಾಯಿಲೆಯ ಗೆಳೆಯನನ್ನು ನೋಡಲು ಡಿಯರ್‌ಬಾರ್ನ್‌ಗೆ ಹೊರಟರು.

"ಬೆಂಕಿ ನಿನ್ನ ಕೈಯಾಗ ಐತಿ, ನಜೀರ. ಬಿಟ್ಟು ಎಲ್ಲೂ ಹೋಗಬ್ಯಾಡ."

ಹೋದೆ. ಶಾಖ ಹೆಚ್ಚಾಯಿತೆಂದು ಕೆಳಗಿನ ಗಾಳಿಕಿಂಡಿ ಮುಚ್ಚಿ, ಒಳಗೆ ಕ್ರಿಕೆಟ್ ನೋಡುತ್ತಾ ಕೂತೆ. ಒಂದೂವರೆಗೆ ಬಂದು ನೋಡಿದರೆ ಇದ್ದಿಲು ಆರಿಹೋಗಿತ್ತು, ಸ್ಮೋಕರ್ ಮುಟ್ಟಿದರೆ ಉಗುರು ಬೆಚ್ಚಗೆ. ಅವರಿಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಮಾಂಸಕ್ಕೆ ಫಾಯಿಲ್ ಸುತ್ತಿ ಓವನ್‌ಗೆ ತುರುಕಿದೆ. ಹಿತ್ತಲಿನಲ್ಲಿ ಮತ್ತೆ ಇದ್ದಿಲು ಹೊತ್ತಿಸಿ ಖಾಲಿ ಸ್ಮೋಕರಿನಿಂದ ಹೊಗೆ ಎಬ್ಬಿಸಿದೆ — ನೋಡಿದವರಿಗೆ ನಂಬಿಕೆ ಬರಲಿ ಅಂತ!

"ರೀ, ಒಳಗೇನೂ ಇಲ್ಲವಲ್ರೀ, ಯಾರಿಗೆ ಹೊಗೆ ಹಾಕ್ತಿದೀರಾ?" ಅಂದಳು ಸಲ್ಮಾ. ಯಾರಿಗೂ ಹೇಳಬೇಡ ಅಂತ ಕೈ ಮುಗಿದೆ. ನಕ್ಕು ಒಳಗೆ ಹೋದಳು.

ಭಾಯ್ ಐದಕ್ಕೆ ಬರುವಷ್ಟರಲ್ಲಿ ಮಾಂಸ ಜಾಲರಿಗೆ ಮರಳಿತ್ತು. ಸಂಜೆ ಹತ್ತು ಜನರ ಮುಂದೆ ಕೊಯ್ದರು. ರಸ ಹಲಗೆಯ ಮೇಲೆ ಹರಿಯಿತು. ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ಇದು ಚೆರ್ರಿ ಕಟ್ಟಿಗಿ ಪ್ರತಾಪ ನೋಡ್ರಿ! ಮತ್ತ ಬೆಂಕಿ ಕಾದಾಂವ ಇಂವ!" ಎಂದು ನನ್ನನ್ನು ತಬ್ಬಿಕೊಂಡರು. ನಾನು ತಲೆ ತಗ್ಗಿಸಿದೆ. ಎಲ್ಲರೂ ಅದನ್ನು ವಿನಯ ಅಂದುಕೊಂಡರು.

ಅಲ್ಲಿಗೆ ಮುಗಿದಿದ್ದರೆ ಇದು ತಮಾಷೆಯ ಕಥೆ. ಆದರೆ ಅವರು ಆ ರುಚಿಯ ಬೆನ್ನು ಬಿದ್ದರು. ಚೆರ್ರಿ ಬಿಟ್ಟರೆ ಬೇರೆ ಕಟ್ಟಿಗೆ ಮುಟ್ಟಲಿಲ್ಲ. ಪ್ರತಿ ಬಕ್ರೀದ್‌ಗೂ ಫೋನ್ — "ಆವತ್ತಿನಂಗ ಬರವಲ್ದಲ್ಲೋ, ನೀ ಏನ್ ಮಾಡಿದ್ದಿ?" ನಾನು ಪ್ರತಿ ಸಲವೂ ಏನೋ ಒಂದು ನೆಪ ಹೇಳುತ್ತಿದ್ದೆ — ಗಾಳಿ, ತೇವ, ಮಿಶಿಗನ್ ಹವೆ...

ಹೋದ ತಿಂಗಳು ಫೋನ್‌ನಲ್ಲಿ, "ಸ್ಮೋಕರ್ ಯಾರಿಗಾದ್ರೂ ಕೊಟ್ಟುಬಿಡ್ತೀನಿ. ನನ್ನ ಕೈಗುಣಾನ ಹೋಗೇತಿ" ಅಂದರು. ಆ ಶನಿವಾರವೇ ಐದು ಗಂಟೆ ಡ್ರೈವ್ ಮಾಡಿ ಅವರ ಹಿತ್ತಲಿನಲ್ಲಿ ನಿಂತು ಎಲ್ಲಾ ಹೇಳಿದೆ.

ಭಾಯ್ ಸ್ಮೋಕರಿನ ಮುಚ್ಚಳ ಎತ್ತಿ ಒಳಗೆ ನೋಡಿದರು.

"ಓವನ್ನಿನ್ಯಾಗ?"

"ಹೂಂ ಭಾಯ್."

"ಎಷ್ಟು ಡಿಗ್ರಿ?"

"ಎರಡುನೂರ ಐವತ್ತು. ನಿಮ್ಮ ಸ್ಮೋಕರಿನಷ್ಟೇ."

ಮೆಟ್ಟಿಲ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಾನೂ ನಕ್ಕೆ. ಆಮೇಲೆ ಕಣ್ಣೊರೆಸಿಕೊಂಡು, ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡುತ್ತಾ ಮೆಲ್ಲಗೆ ಅಂದರು — "ಆರು ವರ್ಷ ಈ ಕೈಗೋಳನ್ನ ಬೈದ್ನಲ್ಲೋ."

ನಾನು ಅವರ ಪಕ್ಕ ಮೆಟ್ಟಿಲ ಮೇಲೆ ಕೂತೆ.

ಸ್ಮೋಕರನ್ನು ಅವರು ಯಾರಿಗೂ ಕೊಡಲಿಲ್ಲ. ನಾನು, ಆ ಸಂಜೆ ಉಂಡವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿ ನಿಜ ಹೇಳುತ್ತಿದ್ದೇನೆ. ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ನಗಲಿ — ಆದರೆ ಭಾಯ್ ಅಂಗೈ ನೋಡಿಕೊಂಡದ್ದನ್ನೂ ಹೇಳಿಯೇ ಫೋನ್ ಇಡುತ್ತೇನೆ.