ಒಂದೇ ಕಾವಿನ ಎರಡು ಹುಂಜಗಳು

ಇವತ್ತು ಬೆಳಿಗ್ಗೆ ಅಡುಗೆಮನೆಗೆ ಹೋದಾಗ ಹುಳಿ ವಾಸನೆ ಮೂಗಿಗೆ ಬಂತು. ಹಾಲು ಒಡೆದಿರಬೇಕೆಂದು ಪಾತ್ರೆಗಳ ಮುಚ್ಚಳ ತೆಗೆದು ನೋಡಿದೆ. ಹಾಲು ಇರಲೇ ಇಲ್ಲ. ನಿನ್ನೆ ತರುವುದನ್ನು ಮರೆತಿದ್ದೆ. ಕೊನೆಗೆ ಕಟ್ಟೆಯ ಮೂಲೆಯಲ್ಲಿ ಒಂದು ಬೋಗುಣಿ ಸಿಕ್ಕಿತು. ಅದರಲ್ಲಿ ನೆನೆಹಾಕಿಟ್ಟ ಸಜ್ಜೆ ನೊರೆಯೆದ್ದು ಕೂತಿತ್ತು. ಸಜ್ಜೆ ಒಂದು ರಾತ್ರಿ ನೆನೆದರೆ ಸಿಹಿಯಾದ ವಾಸನೆ ಬರುತ್ತದೆ, ಎರಡನೆಯ ರಾತ್ರಿಯೂ ನೀರಿನಲ್ಲೇ ಉಳಿದರೆ ಹೀಗೆ ಹುಳಿಯಾಗುತ್ತದೆ. ಸುಶೀಲಾ ಇದ್ದಾಗ ನಮ್ಮ ಮನೆಯಲ್ಲಿ ಈ ಎರಡನೆಯ ವಾಸನೆ ಬಂದದ್ದು ನನಗೆ ನೆನಪಿಲ್ಲ.

ಸುಶೀಲಾ ನನ್ನ ಹೆಂಡತಿ. ಕಳೆದ ಮಳೆಗಾಲದ ಕೊನೆಗೆ ತೀರಿಕೊಂಡಳು. ಸಜ್ಜೆ ಕೋಳಿಗಳದ್ದು. ಕೋಳಿ ಎಂದ ಕೂಡಲೇ ನೀವು ಅಂಗಳದಲ್ಲಿ ಕೆದರುತ್ತ ತಿರುಗುವ ಸಾದಾ ನಾಟಿ ಕೋಳಿಯನ್ನು ನೆನೆಸಿಕೊಳ್ಳಬೇಡಿ. ಇವು ಅಸೀಲ್ ಕೋಳಿಗಳು, ಕಾಳಗದ ತಳಿ. ಉದ್ದ ಕಾಲು, ಉದ್ದ ಕುತ್ತಿಗೆ, ಚಪ್ಪಟೆ ಜುಟ್ಟು, ಮೈಮೇಲೆ ಬೇಕಾದಷ್ಟೇ ಗರಿ. ಇಂಥ ಕೋಳಿಗಳನ್ನು ನಾವಿಬ್ಬರೂ ಅರವತ್ತರ ವಯಸ್ಸಿನಲ್ಲಿ ಯಾಕೆ ಸಾಕಲು ಹೊರಟೆವು ಎಂದು ಊರಿನವರು ಕೇಳುತ್ತಿದ್ದರು. ನಾನೂ ಕೆಲವು ಸಲ ಕೇಳಿಕೊಂಡಿದ್ದೇನೆ.

ಉತ್ತರ ಬಹಳ ಸಣ್ಣದು. ನಾನು ಉಗಾರದ ಸಕ್ಕರೆ ಕಾರ್ಖಾನೆಯಲ್ಲಿ ಕಾಟಾದ ಮೇಲೆ ಕೆಲಸ ಮಾಡಿದವನು. ಕಬ್ಬಿನ ಗಾಡಿಗಳನ್ನು ತೂಗಿ ಚೀಟಿ ಬರೆದುಕೊಡುವುದೇ ನನ್ನ ಜೀವಮಾನದ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೂ ಕಾರ್ಖಾನೆಯ ಭೋಂಗಾ ಕೂಗಿದರೆ ನನ್ನ ಕಾಲು ತಾನಾಗಿ ಚಪ್ಪಲಿ ಹುಡುಕುತ್ತಿತ್ತು. ಹೋಗಲು ಜಾಗವಿಲ್ಲದೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಎಣ್ಣೆ ಹೆಚ್ಚಾಯಿತು, ಖಾರ ಕಡಿಮೆಯಾಯಿತು ಎನ್ನುತ್ತಿದ್ದೆ. ಒಂದು ದಿನ ಅವಳು ಸೌಟು ಕೆಳಗಿಟ್ಟಳು.

“ಗಾಡಿ ತೂಗಿ ತೂಗಿ ಚಟಾ ಆಗೇತಿ ನಿಮಗ. ಈಗ ನನ್ನ ಒಗ್ಗರಣಿ ತೂಗಾಕ ಹತ್ತೀರಿ. ಸಂತಿಗೆ ಹೋಗಿ ನಾಕು ಕೋಳಿ ತಗೊಂಬರ್ರಿ. ಅವನ್ನ ತೂಕಾ ಮಾಡ್ಕೋತ ಕುಂಡರ್ರಿ, ನನ್ನ ಬಿಡ್ರಿ.”

ಅಥಣಿಯ ಸಂತೆಗೆ ಹೋದೆ. ಅಲ್ಲಿ ಒಬ್ಬ ಕಂಕುಳಲ್ಲಿ ಕೆಂಪು ಹುಂಜ ಹಿಡಿದು ನಿಂತಿದ್ದ. ಹುಂಜ ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನನ್ನ ಹಳೆಯ ಸಾಹೇಬರು ನನ್ನ ರಜೆ ಅರ್ಜಿಯನ್ನು ಹಾಗೆಯೇ ನೋಡುತ್ತಿದ್ದರು. ಅಷ್ಟಕ್ಕೇ ಸೋತುಹೋದೆ. ಆ ಹುಂಜವನ್ನೂ ಅದರ ಜೊತೆಗಿದ್ದ ಎರಡು ಹೇಂಟೆಗಳನ್ನೂ ಬುಟ್ಟಿಯಲ್ಲಿ ಹಾಕಿಸಿಕೊಂಡು ಬಸ್ಸು ಹತ್ತಿದೆ.

“ಕೋಳಿ ತರ್ರಿ ಅಂದ್ರ ಒಂಟೆ ಮರಿ ತಂದೀರಲ್ರಿ,” ಎಂದಳು ಸುಶೀಲಾ. “ಇವಕ್ಕ ಗೂಡು ಸಾಲೂದಿಲ್ಲ. ಮಾಳಗಿ ಕಟ್ಟಸ್ರಿ.”

ಆದರೆ ಆ ದಿನವೇ ಅವು ಅವಳ ಕೋಳಿಗಳಾದವು. ಅವಳ ತವರು ಕಾಗವಾಡದಾಚೆಯ ಗಡಿ ಹಳ್ಳಿ. ನನ್ನ ಜೊತೆ ಕನ್ನಡ, ಕೋಳಿಗಳ ಜೊತೆ ಮರಾಠಿ. “ಗಪ್ಪ ಬಸ್ ರೇ ಮೇಲ್ಯಾ,” ಎಂದು ಹುಂಜವನ್ನು ಗದರುತ್ತಿದ್ದಳು. ಸುಮ್ಮನೆ ಕೂಡೋ ಸತ್ತವನೇ, ಎಂದು ಅರ್ಥ. ಮುದ್ದಿನ ಮಾತು ಅದು. ನನಗೆ ಆ ಭಾಷೆಯಲ್ಲಿ ಒಂದು ದಿನವೂ ಬೈಯಲಿಲ್ಲ ಎಂದು ಒಳಗೊಳಗೇ ಸ್ವಲ್ಪ ಹೊಟ್ಟೆಕಿಚ್ಚು ಇತ್ತು.

ಹೊಸದಾಗಿ ಸಾಕುವವರು ಮಾಡುವ ತಪ್ಪುಗಳನ್ನೆಲ್ಲ ನಾವು ಒಂದೂ ಬಿಡದೆ ಮಾಡಿದೆವು. ಮೊದಲ ವರ್ಷ ಹೇಂಟೆಗಳಿಗೆ ಗೋಧಿ, ಶೇಂಗಾ ಹಿಂಡಿ ಎಂದು ಬೀಗರಿಗೆ ಮಾಡುವಂತೆ ಉಪಚಾರ ಮಾಡಿದೆವು. ಅವು ಕೊಬ್ಬಿ ಕೂತವು, ಮೊಟ್ಟೆ ಇಡಲಿಲ್ಲ. ತಿಂಡಿ ಕಡಿಮೆ ಮಾಡಿದ ಮೇಲೆ ಇಟ್ಟವು, ಕಾವಿಗೂ ಕೂತವು. ಆದರೆ ಅಸೀಲ್ ಹೇಂಟೆಯ ಮೈಭಾರಕ್ಕೆ ಅರ್ಧ ಮೊಟ್ಟೆ ಒಡೆದವು, ಉಳಿದರ್ಧ ಕೆಟ್ಟವು. ಎರಡನೆಯ ವರ್ಷ ಸುಶೀಲಾ ಪಕ್ಕದ ಮನೆಯ ತಾರಾಬಾಯಿಯ ಹತ್ತಿರ ಕಾವಿಗೆ ಕೂತ ಒಂದು ನಾಟಿ ಕೋಳಿಯನ್ನು ಪಾಲಿಗೆ ತಂದಳು. ಮೊಟ್ಟೆ ನಮ್ಮದು, ಕಾವು ಅವರದು, ಮರಿಯಲ್ಲಿ ಇಬ್ಬರಿಗೂ ಪಾಲು. ನಮ್ಮ ಕಡೆ ಇದು ಹಳೆಯ ಪದ್ಧತಿ. ಆ ಬಡಪಾಯಿ ನಾಟಿ ಕೋಳಿಗೆ ತಾನು ಎಂಥವರನ್ನು ಹೊಟ್ಟೆಯ ಕೆಳಗೆ ಇಟ್ಟುಕೊಂಡಿದ್ದೇನೆ ಎಂಬುದು ಗೊತ್ತಿರಲಿಲ್ಲ. ಮರಿಗಳು ಗರಿ ಬಲಿಯುವ ಮೊದಲೇ ಒಂದರ ಮೇಲೊಂದು ಹಾರಿ ಬೀಳತೊಡಗಿದಾಗ ಅದು ಗಾಬರಿಯಿಂದ ಸುತ್ತಲೂ ಓಡುತ್ತಿತ್ತು.

ಬೆಕ್ಕು, ಹದ್ದು, ರೋಗ ಎಲ್ಲ ತಮ್ಮ ತಮ್ಮ ಪಾಲು ತೆಗೆದುಕೊಂಡ ಮೇಲೆ ಮೂರು ಮರಿ ಉಳಿದವು. ಹೆಣ್ಣು ಮರಿ ತಾರಾಬಾಯಿಗೆ ಹೋಯಿತು. ಎರಡು ಗಂಡು ನಮಗೆ ಉಳಿದವು, ಒಂದು ಕೆಂಪು, ಒಂದು ಬಿಳಿ. ಮುಂದಿನ ಬೇಸಿಗೆಯಲ್ಲಿ ರೋಗ ಬಿದ್ದು ಸಂತೆಯಿಂದ ತಂದ ಹಳೆಯ ಹುಂಜ ಸತ್ತಿತು. ಅಲ್ಲಿಗೆ ನಮ್ಮ ತಳಿ ಎಂದರೆ ಎರಡು ಹೇಂಟೆ, ಈ ಇಬ್ಬರು ಅಣ್ಣತಮ್ಮಂದಿರು, ಅಷ್ಟೆ. ಇವೆರಡೂ ಬಲಿತ ಮೇಲೂ ಜಗಳಾಡಲಿಲ್ಲ. ಒಂದೇ ಬೋಗುಣಿಯಲ್ಲಿ ತಿನ್ನುತ್ತಿದ್ದವು, ಬೇವಿನ ಗಿಡದ ಒಂದೇ ಟೊಂಗೆಯ ಮೇಲೆ ಒತ್ತಿಕೊಂಡು ಕೂಡುತ್ತಿದ್ದವು. ನೋಡಿದವರು ಬೆರಗಾಗುತ್ತಿದ್ದರು. ನಾವು ಮಾತ್ರ ಇದು ನಮ್ಮ ಮನೆಯ ಸಂಸ್ಕಾರ ಎಂದು ಉಬ್ಬಿದ್ದೆವು.

ನಾವು ಭಾನುವಾರ ಬುದ್ಧ ವಿಹಾರಕ್ಕೆ ಹೋಗಿ ವಂದನೆಗೆ ಕೂಡುವ ಮಂದಿ. ತಾರಾಬಾಯಿ ಒಮ್ಮೆ ಇದನ್ನೇ ಹಿಡಿದು ಚುಚ್ಚಿದ್ದಳು.

“ವೈನಿ, ಅಲ್ಲಿ ಯಾರ ಜೀವಾನೂ ನೋಯ್ಸೂದಿಲ್ಲಂತ ಶೀಲ ತಗೋತೀರಿ. ಮನಿಗೆ ಬಂದು ಜಗಳಗಂಟ ಹುಂಜಕ್ಕ ಕಾಳ ಹಾಕ್ತೀರಿ.”

“ನಿಮ್ಮ ಅತ್ತೆಗೆ ನೀ ಊಟಕ್ಕ ಹಾಕೂದಿಲ್ಲೇನಬೇ?” ಎಂದಳು ಸುಶೀಲಾ. ತಾರಾಬಾಯಿ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. ಆಮೇಲೆ ಸುಶೀಲಾ ನಿಧಾನವಾಗಿ ಹೇಳಿದಳು: “ಜಗಳ ಅದರ ರಕ್ತದಾಗ ಐತಿ. ಅದನ್ನ ಕಣಕ್ಕ ಬಿಡೂದು ನಮ್ಮ ಕೈಯಾಗ ಐತಿ. ಈ ಮನಿ ಹುಂಜ ಒಂದೂ ಕಣಕ್ಕ ಹೋಗೂದಿಲ್ಲ.”

ಈ ಮಾತನ್ನು ಅವಳು ನನ್ನ ಕಡೆ ತಿರುಗಿ ಹೇಳಿರಲಿಲ್ಲ. ಆದರೆ ನನ್ನ ಪಾಲಿಗೆ ಉಳಿದದ್ದು ಇದೇ ಮಾತು.

ಅವಳಿಗೆ ಆರಾಮಿಲ್ಲದಾಗ ಮಿರಜಿನ ಆಸ್ಪತ್ರೆಗೆ ಸೇರಿಸಿದೆವು. ನಾನು ಅಲ್ಲೇ ಉಳಿದೆ. ಕೋಳಿಗಳನ್ನು ತನ್ನ ಹೊಲದ ಮನೆಗೆ ಒಯ್ಯಲು ಅವಳ ತಮ್ಮ ಬಾಳು ಬಂದ. ಎರಡು ಹೇಂಟೆಗಳೂ ಬಿಳಿ ಹುಂಜವೂ ಕೈಗೆ ಸಿಕ್ಕವು. ಕೆಂಪು ಹುಂಜ ಬೇವಿನ ಗಿಡ ಹತ್ತಿ ಕೂತದ್ದು ಏನು ಮಾಡಿದರೂ ಇಳಿಯಲಿಲ್ಲವಂತೆ. ಅದನ್ನು ಅಲ್ಲೇ ಬಿಟ್ಟು ಹೋದ. ತಾರಾಬಾಯಿ ಅದಕ್ಕೆ ಕಾಳು ಹಾಕಿದಳು. ಆಸ್ಪತ್ರೆಯಲ್ಲಿ ಸುಶೀಲಾ ಕೋಳಿಗಳ ಬಗ್ಗೆ ಕೇಳಿದಾಗೆಲ್ಲ ಎಲ್ಲವೂ ಆರಾಮ ಅದಾವೆ ಎನ್ನುತ್ತಿದ್ದೆ. ನಿಜವೂ ಅದೇ ಆಗಿತ್ತು. ಆರಾಮ ಇಲ್ಲದ್ದು ಅವಳೊಬ್ಬಳಿಗೇ.

ಆಮೇಲಿನದನ್ನು ಹೆಚ್ಚು ಬರೆಯಲಾರೆ. ಅವಳನ್ನು ಊರಿಗೆ ತಂದೆವು, ಮಣ್ಣು ಮಾಡಿದೆವು. ತೀರಿದವಳ ಹೆಸರಿನ ಪುಣ್ಯಾನುಮೋದನದ ದಿನ ವಿಹಾರದ ಭಂತೇಜಿ ಬಂದರು, ಬಂಧುಬಳಗ ಉಂಡು ಹೋದರು. ವಿಹಾರದಿಂದ ತಂದ ಜಮಖಾನೆ ಮರುದಿನವೂ ಪಡಸಾಲೆಯಲ್ಲೇ ಹಾಸಿತ್ತು. ನಾನು ಅದರ ಮೇಲೆ ಕೂತಿದ್ದೆ. ಮಾತು ಬೇಡವಾಗಿತ್ತು. ಕೋಳಿಯೂ ಬೇಡವಾಗಿತ್ತು. ಎಲ್ಲವನ್ನೂ ನೀನೇ ಇಟ್ಟುಕೋ, ಬೇಡವಾದರೆ ಯಾರಿಗಾದರೂ ಕೊಡು ಎಂದು ಬಾಳುವಿಗೆ ಹೇಳಿಬಿಟ್ಟಿದ್ದೆ. ಆದರೆ ಬಾಳು ಮರಾಠಿ ಸೀಮೆಯ ಭಾವಮೈದುನ. ಅಕ್ಕನ ಗಂಡ ದುಃಖದಲ್ಲಿ ಆಡಿದ ಮಾತನ್ನು ಮಾತೆಂದು ಹಿಡಿಯಲಿಲ್ಲ. ಅಂದು ಬುಟ್ಟಿ ಹೊತ್ತುಕೊಂಡು ಬಂದೇಬಿಟ್ಟ.

“ದಾಜಿ, ಒಬ್ಬರಽ ಕುಂಡರಬ್ಯಾಡ್ರಿ,” ಎಂದ. ಅಕ್ಕನ ಗಂಡನಿಗೆ ಅವರು ದಾಜಿ ಎನ್ನುತ್ತಾರೆ. “ಅಕ್ಕನ ಕೋಳಿ ಅಕ್ಕನ ಮನ್ಯಾಗಽ ಇರಲಿ. ನೋಡ್ರಿ, ಅಣ್ಣತಮ್ಮ ಎಷ್ಟು ದಿನದ ಮ್ಯಾಲೆ ಭೆಟ್ಟಿ ಆಗಾಕತ್ತಾವು!”

ಹೀಗೆನ್ನುತ್ತ ಬಿಳಿ ಹುಂಜವನ್ನು ಅಂಗಳಕ್ಕೆ ಬಿಟ್ಟ. ನನಗೂ ನೋಡಬೇಕೆನಿಸಿತು, ಎದ್ದು ಬಾಗಿಲಿಗೆ ಬಂದೆ. ಕೆಂಪು ಹುಂಜ ಬೇವಿನ ಬುಡದಲ್ಲಿತ್ತು. ಎರಡೂ ಒಂದು ಕ್ಷಣ ಸುಮ್ಮನೆ ನಿಂತವು. ಕುತ್ತಿಗೆಯ ಗರಿ ಛತ್ರಿಯಂತೆ ಬಿಚ್ಚಿದವು. ಬಾಳು ಇನ್ನೂ ನಗುತ್ತಿದ್ದ.

ನಾನು ಕಾಳಗವನ್ನು ಅಲ್ಲಿಯತನಕ ನೋಡಿದವನಲ್ಲ. ಕೂಗಾಟ ಇರುತ್ತದೆ ಎಂದುಕೊಂಡಿದ್ದೆ. ಸದ್ದೇ ಇರಲಿಲ್ಲ. ರೆಕ್ಕೆ ಬಡಿಯುವುದು, ಕಾಲು ಎದೆಗೆ ಬೀಳುವುದು, ಮತ್ತೆ ಹಿಂದೆ ಸರಿದು ನೆಲಕ್ಕೆ ತಲೆ ತಗ್ಗಿಸಿ ನಿಲ್ಲುವುದು, ಇಷ್ಟೇ. ಬಾಳು ಅವುಗಳ ಸುತ್ತ ಕುಣಿಯುತ್ತಿದ್ದ. “ಏ ಬಿಡ್ರ್ಯೋ, ಏ ನಿಮ್ಮ ಅಣ್ಣ ಅದಾನಲೇ!” ಎಂದು ಒದರುತ್ತಿದ್ದ. ತಾರಾಬಾಯಿ ಗೋಡೆಯಾಚೆಯಿಂದ ನೀರು ಎರಚಿದಳು. ಬಾಳು ಮಾತ್ರ ತೊಯ್ದ. ಕೊನೆಗೆ ನಾನು ಪಡಸಾಲೆಯ ಜಮಖಾನೆಯನ್ನೇ ಎಳೆದು ತಂದು ಎರಡರ ಮೇಲೂ ಹಾಕಿದೆ. ಅದರಡಿ ಕತ್ತಲಾದ ಕೂಡಲೇ ಜಗಳ ಬಿಟ್ಟವು. ಜಮಖಾನೆಯಡಿಯಿಂದ ಒಂದೊಂದಾಗಿ ತೆಗೆದೆವು. ಬಿಳಿಯ ಎದೆ ಕೆಂಪಾಗಿತ್ತು. ಕೆಂಪು ಹುಂಜದ ಎಡಗಣ್ಣು ಹೋಗಿತ್ತು.

ಬಾಳು ಒದ್ದೆ ಅಂಗಿಯಲ್ಲಿ ಕಟ್ಟೆಯ ಮೇಲೆ ಕೂತು ಅತ್ತ. ಅಕ್ಕ ಹೋದ ದಿನವೂ ಅವನು ಹಾಗೆ ಅತ್ತಿರಲಿಲ್ಲ. ಹೇಂಟೆಗಳನ್ನು ಇಲ್ಲೇ ಬಿಟ್ಟು ಬಿಳಿಯದನ್ನು ಅವನೇ ತಿರುಗಿ ಒಯ್ದ.

ಕೋಳಿಗೆ ಔಷಧ ಹಚ್ಚುವುದು ಇಬ್ಬರ ಕೆಲಸ. ಹಿಡಿಯಲು ಎರಡು ಕೈ ಬೇಕು, ಹಚ್ಚಲು ಇನ್ನೆರಡು. ನಮ್ಮಲ್ಲಿ ಹಿಡಿಯುವವನು ನಾನು, ಹಚ್ಚುವವಳು ಅವಳು. ಅವಳು ಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ, ಅರಿಶಿನ ಕಲಸಿದ ಕೊಬ್ಬರಿ ಎಣ್ಣೆ ಮುಟ್ಟಿಸುವಾಗ ನಾನು ಮುಖ ಆಚೆ ತಿರುಗಿಸಿಕೊಂಡು ಕೂಡುತ್ತಿದ್ದೆ. ಈಗ ಮುಖ ತಿರುಗಿಸುವಂತಿರಲಿಲ್ಲ. ಹುಂಜವನ್ನು ಟವೆಲಿನಲ್ಲಿ ಸುತ್ತಿ, ಎರಡು ಮೊಣಕಾಲುಗಳ ನಡುವೆ ಹಿಡಿದು, ಒಂದು ಕೈಯಲ್ಲಿ ತಲೆ, ಇನ್ನೊಂದು ಕೈಯಲ್ಲಿ ಬಟ್ಟೆ. ಮೊದಲ ದಿನ ಅರಿಶಿನ ಹುಂಜಕ್ಕಿಂತ ನನ್ನ ಧೋತರಕ್ಕೆ ಹೆಚ್ಚಾಯಿತು. ಮೂರು ವರ್ಷ ಕೋಳಿ ಸಾಕಿದ್ದೇನೆ ಎಂದು ಎಲ್ಲರಿಗೂ ಹೇಳುತ್ತಿದ್ದೆನಲ್ಲ, ನಿಜವಾಗಿ ನಾನು ಸಾಕಲು ಶುರುಮಾಡಿದ್ದು ಅಂದು.

ಹುಂಜ ಉಳಿಯಿತು. ಸುದ್ದಿ ಗಡಿಯಾಚೆಗೂ ಹೋಯಿತು. ಒಂದು ದಿನ ಮಿರಜಿನ ಕಡೆಯ ಒಬ್ಬ ಮನುಷ್ಯ ಮೋಟರ್ ಸೈಕಲ್ ಮೇಲೆ ಬಂದ. ಹುಂಜದ ಶೋಕಿಯವನು, ಕಣಕ್ಕೆ ಬಿಡುವವನು. ಮಾತು ಮಾತ್ರ ಬಹಳ ಮೆತ್ತಗೆ.

“ಎರಡನ್ನೂ ಕೂಡಿ ಬಿಟ್ಟಿದ್ರಂತ ಕೇಳಿದೆ. ಹಂಗ ಬಿಡಬಾರದ್ರಿ ಯಜಮಾನ್ರ. ಹುಟ್ಟಿದಾಗಿಂದ ಕೂಡಿ ಇದ್ದ್ರ ಇರತಾವು. ಒಂದ್ಸಲ ಅಗಲಿದ್ವಂದ್ರ ಮುಗೀತು, ಗುರುತ ಹಿಡಿಯೂದಿಲ್ಲ. ಮತ್ತ ಮೊದಲಿನಂಗ ಆಗೂದಿಲ್ಲ.”

ನಾನು ತಲೆಯಾಡಿಸಿದೆ.

“ಕಣ್ಣು ಹೋದ್ರೂ ಓಡಲಿಲ್ಲಂತಲ್ಲ? ಅದಽ ಅಸಲಿ. ಎರಡನ್ನೂ ಕೊಡ್ರಿ. ಹೇಂಟಿನೂ ಕೊಡ್ರಿ. ನಿಮಗೂ ವಯಸ್ಸಾತು, ಯಾಕ ತ್ರಾಸು?”

ಅವನು ಹೇಳಿದ್ದು ನನ್ನ ಮನಸ್ಸಿನಲ್ಲಿದ್ದದ್ದೇ. ನನಗೆ ತ್ರಾಸಾಗಿತ್ತು. ಸಜ್ಜೆ ನೆನೆಹಾಕುವುದು, ಗೂಡು ಬಳಿಯುವುದು, ದಿನ ಬೆಳಗಾದರೆ ಏಳುವುದು ಎಲ್ಲವೂ ಸಾಕಾಗಿತ್ತು. ಹೂಂ ಎಂದರೆ ಆ ಸಂಜೆಯೇ ಅಂಗಳ ಖಾಲಿಯಾಗುತ್ತಿತ್ತು. ಅವನು ಉತ್ತರಕ್ಕೆ ಕಾಯದೆ ಹುಂಜವನ್ನು ಎತ್ತಿಕೊಂಡ. ತೊಡೆ ಒತ್ತಿ ನೋಡಿದ, ಕೊಕ್ಕು ಬಿಡಿಸಿ ನೋಡಿದ, ಮುಖವನ್ನು ಬೆಳಕಿಗೆ ತಿರುಗಿಸಿದ. ಅವನು ಕೈ ಹಾಕಿದ್ದು ಕಣ್ಣಿಲ್ಲದ ಕಡೆಯಿಂದ. ಒಡಹುಟ್ಟಿದವನಿಗೆ ಹೆದರಿ ಓಡದ ಹುಂಜ ಅವನ ಕೈಯಲ್ಲಿ ನಡುಗುತ್ತಿತ್ತು.

“ಇಳಸ್ರಿ ಅದನ್ನ,” ಎಂದೆ.

“ಯಾಕ್ರಿ?”

“ಈ ಮನಿ ಹುಂಜ ಕಣಕ್ಕ ಹೋಗೂದಿಲ್ಲ.”

ಅವನು ಇಳಿಸಿದ, ಚಹಾ ಕುಡಿದು ಹೋದ. ಬಿಳಿ ಹುಂಜ ಬಾಳುವಿನ ಹೊಲದಲ್ಲಿದೆ. ಅವನೂ ಒಂದು ಹೇಂಟೆ ತಂದುಕೊಂಡಿದ್ದಾನೆ, ದಿನಕ್ಕೊಂದು ಸಲ ಫೋನು ಮಾಡಿ ನನಗೆ ಗೊತ್ತಿಲ್ಲದ್ದನ್ನೆಲ್ಲ ಕೇಳುತ್ತಾನೆ. ಇಲ್ಲಿ ಕೆಂಪಿನ ಜೊತೆ ಎರಡು ಹೇಂಟೆಗಳಿವೆ. ತಾರಾಬಾಯಿಯ ಕೋಳಿ ಈಗ ಮತ್ತೆ ನಮ್ಮ ಮೊಟ್ಟೆಗಳ ಮೇಲೆ ಕೂತಿದೆ. ಮರಿ ಬರಬಹುದು, ಬರದೆಯೂ ಹೋಗಬಹುದು.

ಹುಳಿಯಾದ ಸಜ್ಜೆ ಚೆಲ್ಲಿ ಬೋಗುಣಿ ತೊಳೆದೆ. ಒಣ ಕಾಳನ್ನೇ ಮುಷ್ಟಿಯಲ್ಲಿ ಹಿಡಿದು ಹಿತ್ತಲಿಗೆ ಹೋದೆ. ಒಕ್ಕಣ್ಣಿನ ಹುಂಜದ ಹತ್ತಿರ ಹೋಗಲು ಒಂದು ರೀತಿ ಇದೆ. ಎಡಗಡೆಯಿಂದ ಸುಮ್ಮನೆ ಹೋದರೆ ಬೆಚ್ಚಿಬಿದ್ದು ಗೋಡೆಗೆ ಬಡಿದುಕೊಳ್ಳುತ್ತದೆ. ಆದ್ದರಿಂದ ದೂರದಿಂದಲೇ ಮಾತಾಡುತ್ತ ಹೋಗಬೇಕು, ಹತ್ತಿರ ಹೋಗುವತನಕ ಮಾತು ನಿಲ್ಲಿಸಬಾರದು. ಯಾವ ಮಾತಾದರೂ ನಡೆಯುತ್ತದೆ. ಹಾಲು ತರುವುದು ಮರೆತಿದ್ದು, ಬಾಳುವಿನ ಫೋನು ಬಂದಿದ್ದು, ತಾರಾಬಾಯಿಯ ಅತ್ತೆಯ ಕೆಮ್ಮು. ತಿಂಗಳುಗಟ್ಟಲೆ ಬಾಯಿ ಬಿಡದೆ ಕೂತಿದ್ದ ನಾನು ಹೀಗೆ ದಿನಕ್ಕೆ ಎಷ್ಟೋ ಸಲ ಹಿತ್ತಲ ತುಂಬ ಮಾತಾಡುತ್ತೇನೆ. ಹುಂಜ ಕುತ್ತಿಗೆ ಹೊರಳಿಸಿ ಬಲಗಣ್ಣಿನಿಂದ ನನ್ನನ್ನು ಹುಡುಕುತ್ತದೆ.

“ನಾನಽ ಅದೀನಿ,” ಎಂದೆ ಇವತ್ತೂ. “ಅಂಜಬ್ಯಾಡ. ಇಲ್ಲೇ ಅದೀನಿ.”