ಮಂಗಳಗೌರಿಯ ಪಾಲಿನ ಕೆಲಸ

ಬಟವಾಡಿಯ ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ಫಿಲ್ಮು ತೊಳೆಯುತ್ತ ಆಯಸ್ಸು ಸವೆಸಿದ ಕೃಷ್ಣಕುಮಾರ್‌ಗೆ ಇದ್ದದ್ದು ಒಂದೇ ಹುಚ್ಚು, ಬೆಳಕು ಬಿಟ್ಟು ಗೋಡೆಯ ಮೇಲೆ ನೋಡುವ ಕಪ್ಪುಬಿಳುಪು ಸ್ಲೈಡ್. ಬಣ್ಣವೆಂದರೆ ಮೂಗು ಮುರಿಯುವ ಮನುಷ್ಯ. ಸ್ಲೈಡಿಗೆ ನೆಗೆಟಿವ್ ಇರುವುದಿಲ್ಲ; ಕ್ಯಾಮೆರಾದೊಳಗೆ ಓಡಿದ ಫಿಲ್ಮೇ ಕೊನೆಗೆ ಚಿತ್ರ. ಕೆಟ್ಟರೆ ಕೆಟ್ಟಿತು, ಇನ್ನೊಂದು ಪ್ರತಿ ಇಲ್ಲ.

ಭಾನುವಾರ ಬಂತೆಂದರೆ ಹೆಂಡತಿ ಮಂಗಳಗೌರಿಯನ್ನು ಸ್ಕೂಟರ್ ಮೇಲೆ ಕೂರಿಸಿಕೊಂಡು ಗುಬ್ಬಿ, ಕುಣಿಗಲ್ ಕಡೆಯ ಕೆರೆಗಳನ್ನೆಲ್ಲ ಸುತ್ತುತ್ತಿದ್ದ. ಏರಿ, ತೂಬು, ಕೊಕ್ಕರೆ ಎಲ್ಲದರ ಫೋಟೋ ತೆಗೆದ. ಕೊಕ್ಕರೆಗೆ ಸಿಕ್ಕ ಮರ್ಯಾದೆ ಬುತ್ತಿ ಹಿಡಿದು ಹಿಂದೆ ನಿಂತವಳಿಗೆ ಸಿಗಲಿಲ್ಲ ಅನ್ನಿ. ಕುಣಿಗಲ್ ಕೆರೆ ಏರಿಯ ಮೇಲೆ ಒಂದು ದಿನ ಅವಳೇ ಬಾಯಿಬಿಟ್ಟು ಕೇಳಿದಳು: "ರೀ, ನಂದೂ ಒಂದ್ ತೆಗೀರಿ. ಎಷ್ಟ್ ಸಲ ಬಂದಿದೀನಿ ನಿಮ್ ಜೊತೆ!"

ನಗುತ್ತ ತೆಗೆದ. ಆ ರೀಲು ತೊಳೆಯುವ ಮೊದಲೇ ಅವಳ ಎದೆಬಡಿತ ನಿಂತಿತು. ಕೆಟ್ಟೀತೆಂಬ ಹೆದರಿಕೆಗೆ ರೀಲನ್ನು ಮುಟ್ಟದೇ ಇಟ್ಟಿದ್ದ.

ವರ್ಷದ ತಿಥಿ ಹತ್ತಿರವಾದಾಗ ಮಗಳು ನಂದಿತಾ ಮೊಬೈಲಿನ ಯಾವುದೋ ಫೋಟೋಗೆ ಕಟ್ಟು ಹಾಕಿಸಲು ಹೊರಟಳು.

"ಬೇಡ ಕಣಮ್ಮ. ನಿಮ್ಮಮ್ಮ ನನ್ನೇ ನೋಡ್ಕೊಂಡು ನಕ್ಕಿರೋದು ಆ ರೀಲ್‌ನಲ್ಲಿ ಇದೆ. ತಿಥಿಗೆ ಅದನ್ನೇ ಇಡೋಣ," ಎಂದ.

ಬಚ್ಚಲುಮನೆಯ ಕಿಟಕಿಗೆ ಕಂಬಳಿ ಕಟ್ಟಿ ಕೂತ. ಸ್ಲೈಡಿನ ಕೆಲಸದಲ್ಲಿ ಒಂದು ಘಟ್ಟವಿದೆ. ಅರ್ಧ ಆದ ಫಿಲ್ಮನ್ನು ಹೊರತಂದು ಬೆಳಕಿಗೆ ಹಿಡಿಯಬೇಕು, ಮತ್ತೆ ಡೆವಲಪರಿಗೆ ಹಾಕಬೇಕು, ಚಿತ್ರ ಮೂಡುವುದೇ ಆಗ; ಆಮೇಲಷ್ಟೇ ಹೈಪೋ, ಮೂಡದೆ ಉಳಿದದ್ದನ್ನೆಲ್ಲ ಕರಗಿಸಿಬಿಡುವ ದ್ರಾವಣ. ಬೆಳಕಿಗೆ ಹಿಡಿಯುವುದು ಮೊದಲಿನಿಂದಲೂ ಮಂಗಳಗೌರಿಯ ಪಾಲು. ಇವನು ಬಾಗಿಲ ಸಂದಿಯಿಂದ ಚಾಚುತ್ತಿದ್ದ, ಅವಳು ತಾರಸಿಗೆ ಒಯ್ದು ಬಿಸಿಲು ತೋರಿಸಿ ತರುತ್ತಿದ್ದಳು.

ಅಂದು ಚಾಚಲು ಆ ಕಡೆ ಯಾರೂ ಇರಲಿಲ್ಲ. ಅಳು ಒತ್ತರಿಸಿ ಬಂತು, ಕಣ್ಣು ಮಂಜಾಯಿತು. ಕೈ ಮಾತ್ರ ಎಕ್ಸ್‌ರೇ ಕೋಣೆಯ ರೂಢಿಯಂತೆ ಫಿಲ್ಮನ್ನು ನೀರಲ್ಲಿ ಜಾಲಿಸಿ ನೇರವಾಗಿ ಹೈಪೋಗೆ ಅದ್ದಿತು. ಎಚ್ಚೆತ್ತು ಮೇಲೆತ್ತುವಷ್ಟರಲ್ಲಿ ಚಿತ್ರವಾಗಬೇಕಿದ್ದುದೆಲ್ಲ ಕರಗಿಹೋಗಿತ್ತು. ಗಾಜಿನಂಥ ಖಾಲಿ ಫಿಲ್ಮು ಕೈಯಲ್ಲಿ ಜೋತಾಡುತ್ತಿತ್ತು.

"ಅಪ್ಪ, ಅಮ್ಮ ಚೆನ್ನಾಗ್ ಬಂದವ್ಳಾ?" ನಂದಿತಾ ಹೊರಗಿನಿಂದ ಕೂಗಿದಳು.

ಕೃಷ್ಣಕುಮಾರ್ ಬಾಗಿಲು ತೆಗೆದ.

"ಇದ್ಲು ಕಣಮ್ಮ," ಎಂದ. "ಈಗ್ತಾನೆ ಇದ್ಲು. ನಾನೇ ಕೈಯಾರೆ ಅಳಿಸ್ಬುಟ್ಟೆ."