ದಿಂಬಿನಡಿಯ ಮೊಟ್ಟೆ

ನಮ್ಮ ಮನೆಯಂಗಳದಲ್ಲಿ ಕೋಳಿ ಕೂಗಿದ್ದನ್ನು ನಾನು ಕೇಳಿಲ್ಲ. ಮೊಳಕಾಲ್ಮೂರಿನ ಕಡೆಯ ಮ್ಯಾಸಬೇಡರ ಕುಲ ನಮ್ಮದು. ಕುರಿ ತಿನ್ನುತ್ತೇವೆ, ಕೋಳಿಯನ್ನಾಗಲಿ ಮೊಟ್ಟೆಯನ್ನಾಗಲಿ ತಿನ್ನುವುದಿಲ್ಲ. ನರ್ಸ್ ಆಗಿ ಚಳ್ಳಕೆರೆಯ ಆಸ್ಪತ್ರೆ ಸೇರಿದ ಮೇಲೆ ರೋಗಿಗಳಿಗೆ ಮೊಟ್ಟೆ ಹಂಚುವುದು ರೂಢಿಯಾಯಿತು, ತಿನ್ನುವುದು ಮಾತ್ರ ಆಗಲಿಲ್ಲ.

ಆ ವರ್ಷ ವಾರ್ಡಿಗೆ ಕಂಪ್ಯೂಟರ್ ಬಂತು. ಇನ್ನು ಮೇಲೆ ರೋಗಿಯ ತೊಂದರೆಯನ್ನು ನರ್ಸುಗಳು ತೋಚಿದಂತೆ ಬರೆಯುವ ಹಾಗಿಲ್ಲ. ಅದರಲ್ಲಿ ಗೊತ್ತು ಮಾಡಿದ ಹೆಸರುಗಳಲ್ಲೇ ಒಂದನ್ನು ಆರಿಸಬೇಕು. ಇಲ್ಲಿ ಬರೆದದ್ದು ದಾವಣಗೆರೆಯ ದೊಡ್ಡಾಸ್ಪತ್ರೆಯಲ್ಲೂ ಹಾಗೆಯೇ ಅರ್ಥವಾಗುತ್ತದೆ ಎಂದರು. ನನಗೆ ಖುಷಿಯೇ ಆಯಿತು. ಸಾಯುತ್ತಿದ್ದವರ ಹೆಸರಿನ ಮುಂದೂ ‘ರೋಗಿ ಆರಾಮ’ ಎಂದು ಗೀಚಿ ಮನೆಗೆ ಹೋದವರನ್ನು ಕಂಡಿದ್ದೆನಲ್ಲ.

ನಾನು ರಜೆಯಲ್ಲಿದ್ದಾಗ ನಮ್ಮದೇ ಕುಲದ ಹಟ್ಟಿಯ ಅಜ್ಜಿಯೊಬ್ಬಳು ಬಂದು ಸೇರಿದ್ದಳು. ಕುರಿ ಕಾಯುವವಳು. ಸಕ್ಕರೆ ಕಾಯಿಲೆ ಬೇರೆ, ಮುಳ್ಳು ಚುಚ್ಚಿ ಪಾದ ಕೊಳೆಯುತ್ತಿತ್ತು. ಗಾಯ ಮಾಯಲೆಂದು ಬೆಳಗ್ಗೆ ಮೊಟ್ಟೆ ಕೊಡುತ್ತಿದ್ದರು. ಎರಡೂ ಕೈಯೊಡ್ಡಿ ಇಸಕೊಳ್ಳುತ್ತಿದ್ದಳು. ತಿಂದೆಯಾ ಎಂದರೆ ಹೂಂ ಅನ್ನುತ್ತಿದ್ದಳು. ಒಬ್ಬರು ಕೈಯಾರೆ ಕೊಟ್ಟ ತಿನಿಸನ್ನು ಬೇಡ ಅನ್ನುವುದು ನಮ್ಮಲ್ಲಿ ಅವರ ಮುಖಕ್ಕೆ ಹೊಡೆದಂತೆ. ದಿಂಬಿನಡಿ ನಾರುತ್ತಿದ್ದ ಮೊಟ್ಟೆಗಳು ಕಸ ಗುಡಿಸುವವಳಿಗೆ ಸಿಕ್ಕಾಗ ದೊಡ್ಡ ರಂಪವಾಯಿತಂತೆ. ವಾರ್ಡಿನ ಹಿರಿಯ ಸಿಸ್ಟರ್ ಕಂಪ್ಯೂಟರಿನಲ್ಲಿ ಒಂದು ಹೆಸರು ಆರಿಸಿದರು: ‘ಚಿಕಿತ್ಸೆಗೆ ಅಸಹಕಾರ’.

ನಾನು ಕೆಲಸಕ್ಕೆ ಮರಳುವಷ್ಟರಲ್ಲಿ ಅಜ್ಜಿಯ ಹೆಸರೇ ಅದಾಗಿತ್ತು. ಡ್ರೆಸ್ಸಿಂಗ್ ಮಾಡುವಾಗ ನೋವಿಗೆ ಕಾಲೆಳೆದುಕೊಂಡರೆ ಅಸಹಕಾರ. “ಒಳಗೆ ಉರಿತೈತವ್ವ” ಎಂದು ಅತ್ತರೆ ನಾಟಕ. ಗಾಯವನ್ನು ಅರೆಬರೆ ಒರೆಸಿ ಕಟ್ಟಿ ಬರುತ್ತಿದ್ದರು. ಕೀವು ಒಳಗೊಳಗೇ ಮೇಲಕ್ಕೇರುತ್ತಿತ್ತು.

“ಮೇಡಂ, ನಮ್ಮ ಕುಲದಾಗೆ ಮೊಟ್ಟೆ ತಿನ್ನಲ್ಲ. ಆ ಹೆಸರು ತೆಗೀರಿ,” ಎಂದು ಹಿರಿಯ ಸಿಸ್ಟರ್‌ಗೆ ಹೇಳಿದೆ. ಅದಕ್ಕೆ ಹೊಂದುವ ಬೇರೆ ಹೆಸರೂ ಕಂಪ್ಯೂಟರಿನಲ್ಲಿತ್ತು. ಕೆಟ್ಟ ಪಟ್ಟಿಯೇನಲ್ಲ ಅದು.

“ಹಂಗಿದ್ರೆ ಬ್ಯಾಡ ಅನ್ನಬೇಕಿತ್ತು. ತಿಂದೆ ಅಂತ ಸುಳ್ಳು ಯಾಕೆ ಹೇಳ್ಬೇಕು?” ಎಂದರು.

ಹೆಸರು ತೆಗೆಯಲಿಲ್ಲ. ಮೊಟ್ಟೆಯ ಸತ್ವ ಶೇಂಗಾದಲ್ಲೂ ಇದೆ. ಎಣ್ಣೆ ಗಿರಣಿಗಳ ಊರಿದು, ಇಲ್ಲಿ ಶೇಂಗಾಕ್ಕೆ ಬರವೇ? ಮಾರನೆಯ ದಿನ ಮನೆಯಿಂದ ಬೇಯಿಸಿ ತಂದುಕೊಟ್ಟೆ. ಒಂದೊಂದೇ ಬಿಡಿಸಿಕೊಂಡು ಡಬ್ಬಿ ಖಾಲಿ ಮಾಡಿದಳು. ಆದರೆ ಸಂಜೆಗೆ ಚಳಿಜ್ವರ ಏರಿತು. ಅಂಬುಲೆನ್ಸಿನಲ್ಲಿ ದಾವಣಗೆರೆಗೆ ಕಳಿಸಿದರು. ಆ ಹೆಸರೂ ಜೊತೆಗೇ ಹೋಯಿತು, ಅಲ್ಲಿನವರಿಗೂ ಹಾಗೆಯೇ ಅರ್ಥವಾಯಿತು.

ಮೊಟ್ಟೆಯಿಂದಲೇ ಕಾಲು ಹೋಯಿತು ಎನ್ನಲಾರೆ, ಸಕ್ಕರೆ ಕಾಯಿಲೆ ಎಂಥವರನ್ನೂ ಬಿಡುವುದಿಲ್ಲ. ದಾವಣಗೆರೆಯಲ್ಲಿ ಮೊಣಕಾಲ ಕೆಳಗೆ ಕತ್ತರಿಸಿದ್ದರು. ಉಳಿದ ಆರೈಕೆಗೆಂದು ಅಜ್ಜಿಯನ್ನು ನಮ್ಮ ವಾರ್ಡಿಗೇ ವಾಪಸು ಕಳಿಸಿದಾಗ ನನ್ನ ಕೈ ಹಿಡಿದುಕೊಂಡಳು.

“ಅಲ್ಲೂ ನನ್ನ ಹಟಮಾರಿ ಅಂದ್ರವ್ವ. ನಾನು ಯಾರಿಗೆ ಎದುರಾಡಿದ್ದೆ?”

ಅಷ್ಟರಲ್ಲಿ ತಿಂಡಿ ಬಂತು. ನಮ್ಮಲ್ಲಿ ತರಬೇತಿಗೆ ಬಂದಿದ್ದ ಹುಡುಗಿಯೊಬ್ಬಳು ನಗುತ್ತಾ ಮೊಟ್ಟೆ ಚಾಚಿದಳು. ಅಜ್ಜಿ ಎರಡೂ ಕೈಯೊಡ್ಡಿ ಇಸಕೊಂಡಳು.

“ಬ್ಯಾಡ ಅನ್ನಜ್ಜಿ,” ಎಂದೆ.

“ಸುಮ್ಕಿರವ್ವ, ಆ ಕೂಸು ನೊಂದ್ಕಂತೈತೆ,” ಎಂದು ಅದನ್ನು ದಿಂಬಿನಡಿ ತಳ್ಳಿದಳು.